ಮೇ ತಿಂಗಳಲ್ಲಿ ಹಿಮಾಲಯಕ್ಕೆ ಹೊರಟವರಿಗೆ: ಹಿಮಕುಸಿತ ಮತ್ತು ಕರಗುವ ಹಿಮದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪರೀಕ್ಷೆ ಮುಗಿದು ರಜೆ ಬಿದ್ದ ಕೂಡಲೇ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಹಿಮಾಚಲ, ಉತ್ತರಾಖಂಡಕ್ಕೆ ಚಾರಣಕ್ಕೆ ಹೊರಡುವವರು ಬಹಳ. ಸರ್ ಪಾಸ್, ಬುರಾನ್ ಘಾಟಿ, ರೂಪಿನ್ ಪಾಸ್, ಹಂಪ್ತಾ ಪಾಸ್. ಪಾಸ್ ಅಂದರೆ ಬೆಟ್ಟಸಾಲನ್ನು ದಾಟಿ ಆಚೆಗೆ ಇಳಿಯುವ ಎತ್ತರದ ದಾರಿ. ನಮ್ಮಲ್ಲಿ ಹೆಚ್ಚಿನವರು ಕುದುರೆಮುಖ, ಕುಮಾರಪರ್ವತ ಹತ್ತಿ ಅಭ್ಯಾಸ ಮಾಡಿಕೊಂಡವರು. ಮಳೆ ಗೊತ್ತು, ಜಿಗಣೆ ಗೊತ್ತು, ಪಾಚಿ ಹಿಡಿದ ಬಂಡೆ ಗೊತ್ತು. ಹಿಮ ಗೊತ್ತಿಲ್ಲ. ಹೊರಡುವ ಮುಂಚೆ ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಇದನ್ನು ಓದಿದ ಮಾತ್ರಕ್ಕೆ ಹಿಮದ ಇಳಿಜಾರನ್ನು ಅಳೆದು ತೀರ್ಮಾನ ಮಾಡುವ ಶಕ್ತಿ ಬರುವುದಿಲ್ಲ. ಆದರೆ ಯಾವ ಹೊತ್ತಿಗೆ ಎಲ್ಲಿ ನಿಲ್ಲಬಾರದು ಅನ್ನುವುದಂತೂ ತಿಳಿಯುತ್ತದೆ.

ನಾವು ಹೋಗುತ್ತಿರುವುದು ಮೇನಲ್ಲಿ. ಹಿಮಕುಸಿತ ಚಳಿಗಾಲದ ಸಮಸ್ಯೆ ಅಲ್ವಾ?

ಅಲ್ಲ. ಚಳಿಗಾಲದಲ್ಲಿ ಒಂದು ಬಗೆಯ ಹಿಮಕುಸಿತ, ಬಿಸಿಲು ಏರಿದ ಮೇಲೆ ಇನ್ನೊಂದು ಬಗೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಪಶ್ಚಿಮದಿಂದ ಬರುವ ಮಾರುತಗಳು ಹಿಮಾಲಯದ ಮೇಲೆ ಹಿಮ ಸುರಿಸುತ್ತವೆ, ಏಪ್ರಿಲ್, ಮೇನಲ್ಲೂ ಆಗಾಗ ಸುರಿಸುತ್ತವೆ. ಹಾಗೆ ಕೂಡಿದ ಹಿಮವೆಲ್ಲ ಕರಗಲು ಶುರುವಾಗುವುದೇ ನಾವು ಅಲ್ಲಿಗೆ ಹೋಗುವ ಹೊತ್ತಿಗೆ. ಲಾಹೌಲ್ ಕಣಿವೆಯಲ್ಲಿ 200ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಹಿಮಕುಸಿತಗಳು ಆದದ್ದು 1979ರ ಮಾರ್ಚ್‌ನಲ್ಲಿ. ಸಿಕ್ಕಿಂನ ನಾಥುಲಾ ರಸ್ತೆಯಲ್ಲಿ 7 ಪ್ರವಾಸಿಗರು ಸತ್ತದ್ದು 2023ರ ಏಪ್ರಿಲ್ 4ರಂದು. ಎರಡೂ ನಡು ಚಳಿಗಾಲದ ಘಟನೆಗಳಲ್ಲ.

ಹಿಮಕುಸಿತದಲ್ಲಿ ನಿಜವಾಗಿ ಏನಾಗುತ್ತದೆ?

ಹಿಮ ಒಂದೇ ಸಲ ಬಿದ್ದು ಕೂತ ರಾಶಿಯಲ್ಲ. ಒಂದೊಂದು ಬಿರುಗಾಳಿಯೂ ಒಂದೊಂದು ಪದರ ಹಾಸಿ ಹೋಗುತ್ತದೆ. ಕೆಲವು ಪದರ ಗಟ್ಟಿ, ಕೆಲವು ಸಡಿಲ. ಆಕಾಶ ತಿಳಿಯಾಗಿ ಚಳಿ ಕೊರೆಯುವ ದಿನಗಳು ಸಾಲಾಗಿ ಬಂದರೆ ತಳದ ಹಿಮ ನಿಧಾನವಾಗಿ ಬದಲಾಗಿ ದಪ್ಪ ರವೆಯ ಹಾಗಾಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವುದಿಲ್ಲ, ಬೆರಳ ಸಂದಿಯಿಂದ ಸುರಿದು ಹೋಗುತ್ತದೆ. ಅದರ ಮೇಲೆ ಗಾಳಿ ತಂದು ಒತ್ತಿದ ಗಟ್ಟಿ ಹಿಮ ಕೂತಿತು ಅಂದುಕೊಳ್ಳಿ. ನೋಡುವುದಕ್ಕೆ ಭದ್ರವಾಗಿರುತ್ತದೆ, ಕೆಳಗೆ ಆಧಾರವಿಲ್ಲ. ಒಬ್ಬ ಮನುಷ್ಯನ ಭಾರ ಬಿದ್ದರೂ ಸಾಕು, ತಳದ ಪದರ ಕುಸಿದು ಬಿರುಕು ಅಡ್ಡಲಾಗಿ ಓಡುತ್ತದೆ, ಇಡೀ ಇಳಿಜಾರಿನ ಹಿಮ ತುಂಡಾಗಿ ಕೆಳಗೆ ಹೊರಡುತ್ತದೆ. ಇದನ್ನು ಸ್ಲ್ಯಾಬ್ ಹಿಮಕುಸಿತ ಅನ್ನುತ್ತಾರೆ. ಅತಿ ಹೆಚ್ಚು ಜನ ಸಾಯುವುದು ಇದರಲ್ಲಿ, ಮತ್ತು ಹೆಚ್ಚಿನ ಸಲ ಅದನ್ನು ಎಬ್ಬಿಸುವುದು ಸಿಕ್ಕಿಹಾಕಿಕೊಂಡವರೇ ಅಥವಾ ಅವರ ಜೊತೆಯವರೇ.

ಬಿಸಿಲುಗಾಲದ್ದು ಬೇರೆ. ಕರಗಿದ ನೀರು ಹಿಮದೊಳಗೆ ಇಳಿಯುತ್ತದೆ. ಹರಳು ಹರಳಿಗೆ ಇದ್ದ ಹಿಡಿತ ಸಡಿಲವಾಗುತ್ತದೆ. ಮೇಲಿನ ಹಿಮ ಒಂದು ಬಿಂದುವಿನಿಂದ ಶುರುವಾಗಿ ಕೆಳಗೆ ಹೋಗುತ್ತಾ ಅಗಲವಾಗುತ್ತದೆ. ಕೆಲವೊಮ್ಮೆ ನೀರು ತಳದವರೆಗೂ ಇಳಿದು ಹುಲ್ಲು, ಬಂಡೆಯ ಮೇಲಿಂದ ಇಡೀ ರಾಶಿಯೇ ಜಾರುತ್ತದೆ. ಒಣ ಹಿಮಕುಸಿತಕ್ಕೆ ಹೋಲಿಸಿದರೆ ಇದರ ವೇಗ ಕಡಿಮೆ, ಆದರೆ ತೂಕ ತುಂಬಾ ಜಾಸ್ತಿ. ಹೊಸದಾಗಿ ಬಿದ್ದ ಒಣ ಹಿಮ ಒಂದು ಘನ ಮೀಟರಿಗೆ 100 ಕಿಲೋ ಆಸುಪಾಸು ಅಥವಾ ಅದಕ್ಕೂ ಕಡಿಮೆ ತೂಗುತ್ತದೆ. ಕುಸಿದು ನಿಂತ ಹಸಿ ಹಿಮ 500 ಕಿಲೋ ದಾಟಬಹುದು. ಸೊಂಟದವರೆಗೆ ಹೂತರೂ ಸ್ವಂತ ಶಕ್ತಿಯಿಂದ ಕಾಲು ಎತ್ತಲು ಆಗುವುದಿಲ್ಲ.

ಬೆಳಗಿನ ಜಾವ 2–3 ಗಂಟೆಗೆ ಎಬ್ಬಿಸುತ್ತಾರಂತೆ. ಅಷ್ಟು ಬೇಗ ಯಾಕೆ?

ಇಡೀ ಪುಟದಲ್ಲಿ ಒಂದೇ ಉತ್ತರ ಓದುತ್ತೀರಿ ಅಂದರೆ ಇದನ್ನು ಓದಿ.

ಬೇಸಿಗೆಯ ಹಿಮಕ್ಕೆ ದಿನಕ್ಕೊಂದು ಲಯವಿದೆ. ರಾತ್ರಿ ಹೆಪ್ಪುಗಟ್ಟುತ್ತದೆ, ಹಗಲು ಕರಗುತ್ತದೆ. ಆಕಾಶ ತಿಳಿಯಾಗಿದ್ದರೆ ರಾತ್ರಿ ಹಿಮ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಟ್ಟು ಮೇಲ್ಮೈ ಕಲ್ಲಾಗುತ್ತದೆ. ಬೆಳಗಿನ ಜಾವ ಅದರ ಮೇಲೆ ನಡೆದರೆ ಬೂಟಿನ ಗುರುತೂ ಬೀಳುವುದಿಲ್ಲ. ಆ ಹೊತ್ತಿನಲ್ಲಿ ಇಳಿಜಾರು ತನ್ನನ್ನು ತಾನೇ ಹಿಡಿದುಕೊಂಡಿರುತ್ತದೆ. ಸೂರ್ಯ ಬಂದ ಮೇಲೆ ಮೇಲಿನ ಒಂದೆರಡು ಇಂಚು ಮೆತ್ತಗಾಗುತ್ತದೆ, ಇದು ನಡೆಯುವುದಕ್ಕೆ ಅತ್ಯಂತ ಸುಖದ ಹೊತ್ತು. ಅದಾದ ಮೇಲೆ ನೀರು ಒಳಗಿಳಿಯುತ್ತಾ ಹೋಗುತ್ತದೆ. ಕಾಲು ಮೊದಲು ಪಾದದವರೆಗೆ, ಆಮೇಲೆ ಮೀನಖಂಡದವರೆಗೆ, ಕೊನೆಗೆ ಮಂಡಿಯವರೆಗೆ ಹೂತುಹೋಗುತ್ತದೆ. ಪಾದ ಪೂರ್ತಿ ಮುಳುಗಲು ಶುರುವಾಯಿತು ಅಂದರೆ ಕಡಿದಾದ ಇಳಿಜಾರಿನಿಂದ, ಅದರ ಕೆಳಗಿನ ಜಾಗದಿಂದ ಹೊರಗೆ ಬರುವ ಸಮಯ ಆಯಿತು. ಮಂಡಿವರೆಗೆ ಹೋಗುತ್ತಿದ್ದರೆ ಆಗಲೇ ತಡವಾಗಿದೆ.

ರೂಪಿನ್ ಪಾಸ್‌ನ ಕೊನೆಯ ಕೊರಕಲು ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಎರಡೂ ಕಡೆ ಬಂಡೆ, ನಡುವೆ ಕಡಿದಾದ ಹಿಮದ ದಾರಿ. ಅಂಥ ಜಾಗದಲ್ಲಿ ಮಧ್ಯಾಹ್ನ ಬಂಡೆಗಳ ಮೇಲಿನ ಹಿಮ ಸಡಿಲವಾದರೆ ಬರುವುದು ಆ ಕೊರಕಲಿಗೇ, ಜೊತೆಗೆ ಕಲ್ಲುಗಳೂ ಉರುಳುತ್ತವೆ. ಹಾಗಾಗಿ ಕತ್ತಲಲ್ಲಿ ಎಬ್ಬಿಸುವ ಗೈಡ್ ಮೇಲೆ ಸಿಟ್ಟು ಬೇಡ. ನಿದ್ದೆ ವಾಪಸ್ ಬಂದು ಮಾಡಬಹುದು.

ಒಂದು ಎಚ್ಚರಿಕೆ. ರಾತ್ರಿಯೆಲ್ಲ ಮೋಡ ಕವಿದಿದ್ದರೆ ಈ ಲೆಕ್ಕ ಕೆಲಸ ಮಾಡುವುದಿಲ್ಲ. ಮೋಡ ಶಾಖವನ್ನು ಹೊರಗೆ ಬಿಡುವುದಿಲ್ಲ, ಹಿಮ ಹೆಪ್ಪುಗಟ್ಟುವುದಿಲ್ಲ, ಬೆಳಗಿನ 4 ಗಂಟೆಗೂ ಕಾಲು ಹೂಳುತ್ತದೆ. ಹಿಮದ ಮೇಲೆ ಮಳೆ ಬಿದ್ದಿದ್ದರೆ ಇನ್ನೂ ಕೆಟ್ಟದ್ದು. ಗಡಿಯಾರ ಸರಿಯಾಗಿದೆ ಅಂತ ಹೊರಡಬೇಡಿ. ಟೆಂಟಿನಿಂದ ಹೊರಗೆ ಬಂದು ಒಮ್ಮೆ ಬೂಟಿನಿಂದ ಹಿಮ ಒದ್ದು ನೋಡಿ, ಮೇಲಿನ ಹೆಪ್ಪು ಎಷ್ಟು ದಪ್ಪ ಇದೆ ಅಂತ ಗೈಡ್‌ಗೆ ಕೇಳಿ.

ಹಾಗಾದರೆ ಬೆಳಿಗ್ಗೆ ಗಟ್ಟಿ ಇರುವಾಗ ಪೂರ್ತಿ ಸೇಫಾ?

ಹಿಮಕುಸಿತದ ಮಟ್ಟಿಗೆ ತಕ್ಕಮಟ್ಟಿಗೆ ಹೌದು. ಆದರೆ ಗಟ್ಟಿ ಹಿಮದಲ್ಲಿ ಜಾರಿದರೆ ನಿಲ್ಲುವುದಿಲ್ಲ. 35 ಡಿಗ್ರಿ ಇಳಿಜಾರಿನಲ್ಲಿ, ಜಾರುವ ಪ್ಯಾಂಟು ಹಾಕಿಕೊಂಡು ಬಿದ್ದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ವೇಗ ಬಂದುಬಿಡುತ್ತದೆ, ಕೆಳಗೆ ಬಂಡೆಯಿದ್ದರೆ ಅಷ್ಟೇ. ಬೂಟಿಗೆ ಮೈಕ್ರೋಸ್ಪೈಕ್ ಹಾಕಿಕೊಳ್ಳಿ. ಆದರೆ ಅದು ಸಣ್ಣ ಹಲ್ಲಿನ ಸರಪಳಿ, ಸಾಧಾರಣ ಇಳಿಜಾರಿಗೆ ಸಾಕು, ತುಂಬಾ ಕಡಿದಾದ ಕಡೆ ಕ್ರಾಂಪಾನ್ (ಬೂಟಿಗೆ ಕಟ್ಟುವ ಉದ್ದ ಹಲ್ಲಿನ ಚೌಕಟ್ಟು) ಮತ್ತು ಐಸ್ ಆಕ್ಸ್ (ಹಿಮಕ್ಕೆ ಊರುವ ಕೊಡಲಿ) ಬೇಕು, ಅವನ್ನು ಬಳಸಲು ಕಲಿತಿರಬೇಕು. ಸರ್ ಪಾಸ್ ಕಡೆ ಹಿಮದಲ್ಲಿ ಕೂತು ಜಾರುವುದು ಎಲ್ಲರಿಗೂ ಇಷ್ಟ. ಕಾಲಿಗೆ ಹಲ್ಲು ಕಟ್ಟಿಕೊಂಡು ಮಾತ್ರ ಜಾರಬೇಡಿ, ಹಲ್ಲು ಹಿಮಕ್ಕೆ ಸಿಕ್ಕರೆ ಕಾಲು ಮುರಿಯುತ್ತದೆ. ಗೈಡ್ ತೋರಿಸಿದ ಜಾಗ ಬಿಟ್ಟು ಬೇರೆ ಕಡೆ ಜಾರಲೇಬೇಡಿ.

ಯಾವ ಇಳಿಜಾರು ಅಪಾಯ ಅಂತ ಕಣ್ಣಿಂದ ಗುರುತಿಸಬಹುದಾ?

ಬಹುಮಟ್ಟಿಗೆ ಆಗುತ್ತದೆ. ಸ್ಲ್ಯಾಬ್ ಹಿಮಕುಸಿತ ಹೆಚ್ಚಾಗಿ ಹೊರಡುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ತುಂಬಾ ಕಡಿದಾದರೆ ಹಿಮ ಕೂರುವುದೇ ಕಷ್ಟ, ಬಿದ್ದ ಹಾಗೇ ಸ್ವಲ್ಪ ಸ್ವಲ್ಪ ಉದುರಿ ಹೋಗುತ್ತದೆ. 25 ಡಿಗ್ರಿಗಿಂತ ಕಡಿಮೆ ಇದ್ದರೆ ಅಲ್ಲಿಂದ ಹೊರಡುವುದು ಅಪರೂಪ. ಫೋನಿನಲ್ಲಿ ಕೋನ ಅಳೆಯುವ ಆ್ಯಪ್ ಇರುತ್ತದೆ. ವಾಕಿಂಗ್ ಕೋಲನ್ನು ಇಳಿಜಾರಿನ ಮೇಲೆ ಮಲಗಿಸಿ ಅದರ ಮೇಲೆ ಫೋನ್ ಇಟ್ಟರೆ ಕೋನ ಸಿಗುತ್ತದೆ. ಊರಿನಲ್ಲೇ ಯಾವುದಾದರೂ ಬೆಟ್ಟದಲ್ಲಿ ಅಳೆದು ಕಣ್ಣಿಗೆ ಅಭ್ಯಾಸ ಮಾಡಿಕೊಳ್ಳಿ, ನಮ್ಮ ಕಣ್ಣಿನ ಅಂದಾಜು ಎಷ್ಟು ತಪ್ಪುತ್ತದೆ ಅಂತ ಆಗ ಗೊತ್ತಾಗುತ್ತದೆ.

ಇಲ್ಲಿ ಬಹಳ ಜನ ಮರೆಯುವ ಸಂಗತಿ ಒಂದಿದೆ. ನೀವು ನಿಂತ ಜಾಗ ಸಮತಟ್ಟಾಗಿದ್ದರೆ ಸಾಲದು, ಮೇಲೆ ಏನಿದೆ ನೋಡಬೇಕು. ಮೇಲಿಂದ ಹೊರಟ ಹಿಮ ಸಮತಟ್ಟು ಜಾಗದಲ್ಲೂ ದೂರದವರೆಗೆ ಓಡುತ್ತದೆ. ಊಟಕ್ಕೆ ಕೂರುವ ಜಾಗ, ಫೋಟೋಗೆ ನಿಲ್ಲುವ ಜಾಗ, ಟೆಂಟ್ ಹಾಕುವ ಜಾಗ, ಇವನ್ನೆಲ್ಲ ಆರಿಸುವಾಗ ತಲೆ ಎತ್ತಿ ನೋಡಿ. ಕಾಡಿನ ನಡುವೆ ಮೇಲಿಂದ ಕೆಳಗೆ ಮರವೇ ಇಲ್ಲದ ಪಟ್ಟಿ ಕಂಡರೆ, ಅಥವಾ ಭೂರ್ಜ ಮರಗಳೆಲ್ಲ ಕೆಳಕ್ಕೆ ಬಾಗಿ, ಮೇಲಿನ ಬದಿಯ ಕೊಂಬೆಗಳು ಮುರಿದಿದ್ದರೆ, ಅದು ಹಿಮ ಬರುವ ದಾರಿ. ಈ ವರ್ಷ ಬಂದಿಲ್ಲದಿದ್ದರೂ ದಾರಿ ಅದೇ.

ಬಿಸಿಲಿನ ದಿಕ್ಕನ್ನೂ ಲೆಕ್ಕ ಹಾಕಿ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಬೆಳಿಗ್ಗೆಯೇ ಮೆತ್ತಗಾಗುತ್ತದೆ, ದಕ್ಷಿಣದ್ದು ಮಧ್ಯಾಹ್ನದ ಹೊತ್ತಿಗೆ, ಪಶ್ಚಿಮದ್ದು ಆಮೇಲೆ. ಉತ್ತರದ್ದು ತುಂಬಾ ದಿನ ತಣ್ಣಗೇ ಇರುತ್ತದೆ. ಅಲ್ಲಿ ಚಳಿಗಾಲದ ಸಡಿಲ ಪದರ ಹಾಗೇ ಉಳಿದಿರಬಹುದು, ತಡವಾಗಿ ನೀರು ಇಳಿದಾಗ ದೊಡ್ಡದಾಗಿ ಕುಸಿಯಬಹುದು. ಪಾಸ್ ದಾಟಿ ಆಚೆ ಇಳಿಯುವ ದಿನ ಎರಡೂ ಮುಖ ಸಿಗುತ್ತವೆ ಅನ್ನುವುದು ನೆನಪಿರಲಿ.

ಕೂಗಿದರೆ, ಹಾಡಿದರೆ ಹಿಮ ಕುಸಿಯುತ್ತದಾ?

ಇಲ್ಲ. ಸಿನಿಮಾದಲ್ಲಿ ಮಾತ್ರ. ಮನುಷ್ಯನ ದನಿಗೆ ಅಷ್ಟು ಬಲವಿಲ್ಲ. ಅಪಾಯ ಕಂಡಾಗ ಜೋರಾಗಿ ಕೂಗಿ ಎಚ್ಚರಿಸಲೇಬೇಕು, ಸಂಕೋಚ ಬೇಡ.

ಹಿಮವೇ ಮುನ್ಸೂಚನೆ ಕೊಡುತ್ತದಾ?

ಕೊಡುತ್ತದೆ, ಎಲ್ಲ ಸಲವೂ ಅಲ್ಲ. ಅದೇ ದಿಕ್ಕಿನ, ಅಷ್ಟೇ ಕಡಿದಾದ ಬೇರೆ ಇಳಿಜಾರಿನಲ್ಲಿ ಹೊಸದಾಗಿ ಕುಸಿದ ಗುರುತು ಕಂಡರೆ ಅದಕ್ಕಿಂತ ದೊಡ್ಡ ಸೂಚನೆ ಬೇಡ. ಹೆಜ್ಜೆ ಇಟ್ಟಾಗ ಕೆಳಗೆ ‘ಧುಪ್’ ಅಂತ ಏನೋ ಕುಸಿದ ಸದ್ದು ಬಂದರೆ, ಪಾದದಿಂದ ಬಿರುಕು ಮುಂದಕ್ಕೆ ಓಡಿದರೆ, ಬಂದ ದಾರಿಯಲ್ಲೇ ವಾಪಸ್ ಬನ್ನಿ. ಬಿಸಿಲೇರಿದಾಗ ಹಿಮದ ಉಂಡೆಗಳು ತಾವಾಗಿ ಸುರುಳಿ ಸುತ್ತಿಕೊಂಡು ಉರುಳುತ್ತಿದ್ದರೆ, ಬಂಡೆ ಮೇಲಿಂದ ಹಿಮ ದೊಪ್ಪನೆ ಬೀಳುತ್ತಿದ್ದರೆ, ಅದು ಬೇಸಿಗೆ ಹಿಮದ ಎಚ್ಚರಿಕೆ. ಹೊಸ ಹಿಮ ಒಂದು ಅಡಿ ಬಿದ್ದಿದ್ದರೆ ಒಂದೆರಡು ದಿನ ಕಾಯುವುದೇ ಸರಿ. ಬಿರುಗಾಳಿ ನಿಂತು ಆಕಾಶ ನೀಲಿಯಾದ ಮೊದಲ ದಿನ ಎಲ್ಲರಿಗೂ ಹೊರಡುವ ಆಸೆ, ಆದರೆ ಹಿಮ ಇನ್ನೂ ಕೂತಿರುವುದಿಲ್ಲ.

ಹಿಮಕುಸಿತ ಬಿಟ್ಟು ಇನ್ನೇನು ನೋಡಿಕೊಳ್ಳಬೇಕು?

ಹಿಮದ ಸೇತುವೆ. ಹಳ್ಳದ ಮೇಲೆ ಹಿಮ ಹಾಸಿರುತ್ತದೆ, ಕೆಳಗೆ ನೀರು ಹರಿದು ಹರಿದು ಅದನ್ನು ತೆಳ್ಳಗೆ ಮಾಡಿರುತ್ತದೆ. ಬೆಳಿಗ್ಗೆ ಭಾರ ತಡೆದದ್ದು ಮಧ್ಯಾಹ್ನ ತಡೆಯುತ್ತದೆ ಅಂತ ನಂಬಬೇಡಿ. ಕೋಲಿನಿಂದ ಚುಚ್ಚಿ ನೋಡಿ, ಒಬ್ಬೊಬ್ಬರೇ ದಾಟಿ. ಹಿಮದ ಮೇಲೆ ಎದ್ದ ಬಂಡೆಗಳ ಸುತ್ತಲೂ ಟೊಳ್ಳಿರುತ್ತದೆ, ಸ್ವಲ್ಪ ದೂರದಿಂದ ಹೋಗಿ. ಬೆಟ್ಟದ ನೆತ್ತಿಯ ಏಣಿನ ಮೇಲೆ ಗಾಳಿ ಹಿಮವನ್ನು ಆಚೆಗೆ ಚಾಚಿ ನಿಲ್ಲಿಸಿರುತ್ತದೆ, ಕೆಳಗೆ ನೆಲವೇ ಇರುವುದಿಲ್ಲ. ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ. ಅದರ ತುದಿಗೆ ಹೋಗಿ ಸೆಲ್ಫಿ ತೆಗೆಯುವುದು ಬೇಡವೇ ಬೇಡ. ಕಣ್ಣಿಗೆ ಒಳ್ಳೆಯ ಕಪ್ಪು ಕನ್ನಡಕ ಬೇಕು, ಹೊಸ ಹಿಮ ಬಿಸಿಲಿನ ಬಹುಪಾಲನ್ನು ಕಣ್ಣಿಗೇ ಎರಚುತ್ತದೆ.

ಬಿರುಗಾಳಿಯನ್ನು ಪ್ರತ್ಯೇಕವಾಗಿ ಹೇಳಬೇಕು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ಕರ್ನಾಟಕದ ತಂಡ 9 ಜನರನ್ನು ಕಳೆದುಕೊಂಡಿತು. ಅಲ್ಲಿ ಹಿಮ ಕುಸಿಯಲಿಲ್ಲ, ಹಿಮಗಾಳಿ ಎದ್ದಿತು, ದಾರಿ ಕಾಣಲಿಲ್ಲ, ಚಳಿ ಕೊಂದಿತು. ಜೂನ್‌ನಲ್ಲಿ. ಒಣ ಬಟ್ಟೆ, ಗಾಳಿ ತಡೆಯುವ ಜಾಕೆಟ್ ಬೆನ್ನ ಮೇಲಿನ ಚೀಲದಲ್ಲೇ ಇರಲಿ, ಹೇಸರಗತ್ತೆ ಹೊರುವ ಚೀಲದಲ್ಲಿ ಬೇಡ.

ಹಿಮಕುಸಿತದ ಮುನ್ಸೂಚನೆ ಎಲ್ಲಿ ಸಿಗುತ್ತದೆ?

ಭಾರತದಲ್ಲಿ ಈ ಕೆಲಸ ಮಾಡುವುದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಅಡಿಯ ಡಿಜಿಆರ್‌ಇ ಸಂಸ್ಥೆ, ಚಂಡೀಗಢದಲ್ಲಿದೆ. ಮೊದಲು ಮನಾಲಿಯಲ್ಲಿ ಶುರುವಾದ, ಹಿಮಕುಸಿತ ಅಧ್ಯಯನ ಮಾಡುವ ಸಾಸೆ ಸಂಸ್ಥೆ 2020ರಲ್ಲಿ ಇದರೊಳಗೆ ಸೇರಿತು. ಕಾಶ್ಮೀರ, ಲಡಾಖ್, ಹಿಮಾಚಲ, ಉತ್ತರಾಖಂಡ, ಸಿಕ್ಕಿಂಗಳಿಗೆ ಎಚ್ಚರಿಕೆ ಕೊಡುತ್ತದೆ. ಅಪಾಯವನ್ನು 1ರಿಂದ 5ರವರೆಗೆ ಅಳೆಯುತ್ತಾರೆ. 3 ಅಂದರೆ ನಡುವಿನದು, ಪರವಾಗಿಲ್ಲ ಅಂದುಕೊಳ್ಳುವುದು ದೊಡ್ಡ ತಪ್ಪು. 3ರಲ್ಲಿ ಒಬ್ಬ ಮನುಷ್ಯನ ಭಾರಕ್ಕೇ ಹಿಮ ಹೊರಡಬಹುದು. 4, 5ಕ್ಕೆ ಜನ ಹೇಗೂ ಹೊರಗೆ ಹೋಗುವುದಿಲ್ಲ, ಸಾವುಗಳು ಜಾಸ್ತಿ ಆಗುವುದು 3ರಲ್ಲೇ. ಈ ಎಚ್ಚರಿಕೆ ಇಡೀ ಜಿಲ್ಲೆಗೋ ದೊಡ್ಡ ಪ್ರದೇಶಕ್ಕೋ ಇರುತ್ತದೆ, ನಿಮ್ಮ ಮುಂದಿನ ಇಳಿಜಾರಿಗೆ ಅಲ್ಲ. ಜೊತೆಗೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ, ಕೊನೆಯ ಹಳ್ಳಿಯ ಕುರಿಗಾಹಿಗಳನ್ನು ಮಾತಾಡಿಸಿ. ಯಾವ ಹಳ್ಳದಲ್ಲಿ ಪ್ರತಿ ವರ್ಷ ಹಿಮ ಬರುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ.

ಕಡಿದಾದ ಜಾಗ ದಾಟಲೇಬೇಕು ಅಂದರೆ?

ಒಬ್ಬರು ದಾಟುವವರೆಗೆ ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಅವರನ್ನೇ ನೋಡುತ್ತಿರಬೇಕು. ಕೋಲಿನ ಪಟ್ಟಿ ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳಬೇಡಿ. ನಡುವೆ ನಿಂತು ಸುಧಾರಿಸಿಕೊಳ್ಳಬೇಡಿ, ನೀರು ಆಮೇಲೆ ಕುಡಿಯಿರಿ.

ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕು? ಬದುಕಿಸಲು ಎಷ್ಟು ಹೊತ್ತು ಇರುತ್ತದೆ?

ಹೊತ್ತು ಬಹಳ ಕಡಿಮೆ. ಸ್ವಿಟ್ಜರ್ಲೆಂಡಿನ ದಾಖಲೆಗಳ ಪ್ರಕಾರ ಪೂರ್ತಿ ಹೂತುಹೋದವರನ್ನು ಮೊದಲ 10 ನಿಮಿಷದೊಳಗೆ ತೆಗೆದರೆ 10ರಲ್ಲಿ 9 ಜನ ಬದುಕುತ್ತಾರೆ. ಅರ್ಧ ಗಂಟೆ ಹೊತ್ತಿಗೆ ಅದು 3ಕ್ಕೆ ಇಳಿಯುತ್ತದೆ. ಮುಖ್ಯ ಕಾರಣ ಉಸಿರುಗಟ್ಟುವುದು. ಹೆಲಿಕಾಪ್ಟರ್ ಆಗಲಿ, ರಾಜ್ಯದ ವಿಪತ್ತು ಪಡೆ ಎಸ್‌ಡಿಆರ್‌ಎಫ್, ಗಡಿ ಪೊಲೀಸ್ ಪಡೆ ಐಟಿಬಿಪಿ ಆಗಲಿ ಅಷ್ಟರಲ್ಲಿ ಬರಲು ಸಾಧ್ಯವಿಲ್ಲ. ಬದುಕಿಸುವವರು ನಿಮ್ಮ ಜೊತೆಯಲ್ಲಿದ್ದವರೇ.

ಹಿಮ ಹೊರಟ ಕೂಡಲೇ ಕೂಗಿ, ಪಕ್ಕಕ್ಕೆ ಓಡಲು ನೋಡಿ. ಕೋಲು ಬಿಸಾಡಿ. ಬಂಡೆ, ಮರ ಸಿಕ್ಕರೆ ಹಿಡಿದುಕೊಳ್ಳಿ. ಬಿದ್ದರೆ ಕೈಕಾಲು ಬಡಿದು ಮೇಲೆಯೇ ಇರಲು ಹೋರಾಡಿ. ವೇಗ ಕಡಿಮೆಯಾಗುತ್ತಿದೆ ಅನ್ನಿಸಿದಾಗ ಕೈ ಮುಖದ ಮುಂದೆ ತಂದು ಉಸಿರಾಡುವ ಜಾಗ ಮಾಡಿಕೊಳ್ಳಿ, ನಿಂತ ಮೇಲೆ ಹಿಮ ಗಟ್ಟಿಯಾಗಿ ಕೂರುತ್ತದೆ, ಆಗ ಬೆರಳೂ ಆಡುವುದಿಲ್ಲ.

ನೋಡುತ್ತಿರುವವರು, ಸಿಕ್ಕಿಹಾಕಿಕೊಂಡವರು ಕೊನೆಗೆ ಕಂಡ ಜಾಗವನ್ನು ಕಣ್ಣಲ್ಲಿ ಇಟ್ಟುಕೊಳ್ಳಬೇಕು. ಮತ್ತೆ ಹಿಮ ಬರುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು ಅಲ್ಲಿಂದ ಕೆಳಗೆ ಹುಡುಕಿ. ಕೈಗವಸು, ಕೋಲು, ಚೀಲದ ತುದಿ ಏನು ಕಂಡರೂ ಅಲ್ಲಿ ಅಗೆಯಿರಿ. ಎಲ್ಲರೂ ಸಹಾಯ ಕರೆಯಲು ಓಡಬೇಡಿ. ಹೊರತೆಗೆದ ಮೇಲೆ ಮೊದಲು ಬಾಯಿ, ಮೂಗಿನ ಹಿಮ ತೆಗೆಯಿರಿ. ಉಸಿರಿಲ್ಲದಿದ್ದರೆ ಬಾಯಿಂದ ಉಸಿರು ಕೊಟ್ಟು ಎದೆ ಒತ್ತಿ.

ಸಿಯಾಚಿನ್‌ನ ಸೈನಿಕ ಹನುಮಂತಪ್ಪ ಕೊಪ್ಪದ ಹಿಮದಡಿ ಆರು ದಿನ ಬದುಕಿದ್ದರಲ್ಲಾ?

ಹೌದು, ಈ ಪ್ರಶ್ನೆ ನಮ್ಮವರು ಕೇಳಿಯೇ ಕೇಳುತ್ತಾರೆ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಸೈನಿಕರು ಹೂತುಹೋದರು. ಅವರಲ್ಲಿ ಕರ್ನಾಟಕದವರೇ ಮೂವರು. ಫೆಬ್ರುವರಿ 8ರಂದು ಹನುಮಂತಪ್ಪ ಒಬ್ಬರೇ ಜೀವಂತ ಸಿಕ್ಕರು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ 11ರಂದು ತೀರಿಕೊಂಡರು. ಇಡೀ ರಾಜ್ಯ ಆ ಮೂರು ದಿನ ಪ್ರಾರ್ಥಿಸುತ್ತಾ ಕೂತಿತ್ತು. ಅವರು ಬದುಕಿದ್ದಕ್ಕೆ ಗಟ್ಟಿ ಮೈ, ಗಟ್ಟಿ ಮನಸ್ಸಿನ ಜೊತೆ ಅವರಿದ್ದ ಗುಡಾರದೊಳಗೆ ಗಾಳಿ ಉಳಿದಿದ್ದೂ ಕಾರಣ. 2025ರ ಫೆಬ್ರುವರಿ 28ರಂದು ಬದರಿನಾಥದ ಹತ್ತಿರದ ಮಾಣಾದಲ್ಲಿ 54 ಕಾರ್ಮಿಕರ ಮೇಲೆ ಹಿಮ ಬಿದ್ದಾಗ 46 ಜನ ಬದುಕಿದರು, ಅವರು ವಾಸವಿದ್ದ ಕಬ್ಬಿಣದ ಕಂಟೇನರ್‌ಗಳು ಬಹಳ ಜನರನ್ನು ಕಾಪಾಡಿದವು. ಬಯಲಲ್ಲಿ ನಡೆಯುವ ಚಾರಣಿಗರಿಗೆ ತಲೆಯ ಮೇಲೆ ಅಂಥ ಯಾವ ಆಸರೆಯೂ ಇರುವುದಿಲ್ಲ.

ಯಾವ ಉಪಕರಣ ಒಯ್ಯಬೇಕು?

ಹಿಮಕುಸಿತದ ಜಾಗಕ್ಕೆ ಹೋಗುವವರಿಗೆ ಮೂರು ಬೇಕು, ಮೂರೂ ಪ್ರತಿಯೊಬ್ಬರ ಬಳಿ. 457 ಕಿಲೋಹರ್ಟ್ಜ್‌ನಲ್ಲಿ ಕೆಲಸ ಮಾಡುವ ಟ್ರಾನ್ಸೀವರ್ (ಹೂತವರನ್ನು ಹುಡುಕಲು ರೇಡಿಯೋ ಸಂಕೇತ ಕಳಿಸಿ, ಹಿಡಿಯುವ ಸಣ್ಣ ಸಾಧನ), ಚುಚ್ಚಿ ಹುಡುಕುವ ಮಡಚು ಕೋಲು, ಲೋಹದ ಸಲಿಕೆ. ಟ್ರಾನ್ಸೀವರ್ ಒಬ್ಬರ ಬಳಿ ಮಾತ್ರ ಇದ್ದರೆ ಪ್ರಯೋಜನವಿಲ್ಲ, ಹುಡುಕುವುದು ಅಭ್ಯಾಸವಿಲ್ಲದಿದ್ದರೂ ಪ್ರಯೋಜನವಿಲ್ಲ. ಗುಲ್ಮಾರ್ಗ್‌ನಲ್ಲಿ ಗೊಂಡೋಲಾ (ಹಗ್ಗದ ಮೇಲೆ ಓಡುವ ಕೇಬಲ್ ಕಾರ್) ಹತ್ತಿ ಅಫರ್ವಾತ್ ಬೆಟ್ಟದ ಮೇಲಿಂದ ಗುರುತು ಹಾಕಿದ ಜಾಗದಾಚೆ ಸ್ಕೀ ಮಾಡುವವರಿಗೆ ಇದು ಕಡ್ಡಾಯ ಅಂತಲೇ ತಿಳಿಯಿರಿ. ಮೇ ತಿಂಗಳ ಸಾಮಾನ್ಯ ಚಾರಣದಲ್ಲಿ ಇವು ಕೊಡುವುದು ಅಪರೂಪ. ಹಾಗಾಗಿ ಅಲ್ಲಿ ಉಳಿಯುವ ರಕ್ಷಣೆ ಒಂದೇ, ತಪ್ಪು ಹೊತ್ತಿಗೆ ತಪ್ಪು ಇಳಿಜಾರಿನ ಕೆಳಗೆ ಇಲ್ಲದಿರುವುದು.

ನಾವು ನಡೆಯುವುದಿಲ್ಲ, ಕಾರಿನಲ್ಲಿ ಹೋಗಿ ಹಿಮ ನೋಡಿ ಬರುತ್ತೇವೆ. ನಮಗೂ ಇದು ಬೇಕಾ?

ಬೇಕು. ನಾಥುಲಾ ರಸ್ತೆಯಲ್ಲಿ ಸತ್ತವರು ಚಾರಣಿಗರಲ್ಲ. ಪ್ರವಾಸಿಗರಿಗೆ 13ನೇ ಮೈಲಿವರೆಗೆ ಮಾತ್ರ ಅನುಮತಿ ಇತ್ತು, ಹಿಮ ಬಿದ್ದದ್ದು 15ನೇ ಮೈಲಿಯ ಹತ್ತಿರ, ಅದೂ ಮಧ್ಯಾಹ್ನದ ಸುಮಾರಿಗೆ. ರಸ್ತೆ ಮುಚ್ಚಿದೆ ಅಂತ ತಡೆದ ಪೊಲೀಸರ ಜೊತೆ, ಗಡಿ ರಸ್ತೆ ನೋಡಿಕೊಳ್ಳುವ ಬಿಆರ್‌ಒದವರ ಜೊತೆ ವಾದಕ್ಕೆ ಇಳಿಯಬೇಡಿ, ಚಾಲಕನಿಗೆ ಹೆಚ್ಚು ದುಡ್ಡಿನ ಆಸೆ ತೋರಿಸಬೇಡಿ. ಮಕ್ಕಳನ್ನು ಕಡಿದಾದ ಇಳಿಜಾರಿನ ಬುಡದಲ್ಲಿ ಆಡಲು ಬಿಡಬೇಡಿ.

ಅನುಭವಿ ಗೈಡ್ ಇದ್ದಾರೆ. ನಾವು ಯಾಕೆ ತಲೆ ಕೆಡಿಸಿಕೊಳ್ಳಬೇಕು?

2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡ ದ್ರೌಪದಿ ಕಾ ಡಾಂಡಾ–2ರ ಹತ್ತಿರ ಹಿಮಕುಸಿತಕ್ಕೆ ಸಿಕ್ಕಿತು. 29 ಜನ ಪ್ರಾಣ ಕಳೆದುಕೊಂಡರು, ಅವರಲ್ಲಿ ಬೆಂಗಳೂರಿನವರೂ ಇದ್ದರು. ಸತ್ತ ತರಬೇತುದಾರರಲ್ಲಿ ಅದೇ ವರ್ಷ ಮೇನಲ್ಲಿ ಎವರೆಸ್ಟ್ ಮತ್ತು ಮಕಾಲು ಎರಡೂ ಹತ್ತಿದ್ದ ಸವಿತಾ ಕಂಸ್ವಾಲ್ ಇದ್ದರು. ಅವರಿಗಿಂತ ಅನುಭವಿಗಳನ್ನು ಎಲ್ಲಿಂದ ತರುತ್ತೀರಿ? ಅನುಭವಕ್ಕೆ ಬೆಲೆ ಇದೆ, ಆದರೆ ಹಿಮ ಯಾರ ಅನುಭವವನ್ನೂ ಕೇಳುವುದಿಲ್ಲ.

ದುಡ್ಡು ಕಟ್ಟುವ ಮುಂಚೆ ಕಂಪನಿಗೆ ನೇರವಾಗಿ ಕೇಳಿ. ಪಾಸ್ ದಾಟುವ ದಿನ ಎಷ್ಟು ಗಂಟೆಗೆ ಹೊರಡುತ್ತೀರಿ? ಎಷ್ಟು ಗಂಟೆಯೊಳಗೆ ಮೇಲೆ ತಲುಪದಿದ್ದರೆ ವಾಪಸ್ ಬರುತ್ತೀರಿ? ಹವಾಮಾನ ಕೆಟ್ಟರೆ ಕಾಯಲು ಒಂದು ದಿನ ಇಟ್ಟಿದ್ದೀರಾ? ಹಗ್ಗ, ಸಲಿಕೆ, ಸ್ಯಾಟಲೈಟ್ ಫೋನ್ ಅಥವಾ ವಾಕಿಟಾಕಿ ಏನಿದೆ? ಒಬ್ಬ ಗೈಡ್‌ಗೆ ಎಷ್ಟು ಜನ? ಇವಕ್ಕೆ ತಡವರಿಸುವವರ ಜೊತೆ ಹೋಗಬೇಡಿ, ಎಷ್ಟೇ ಕಡಿಮೆ ದರ ಹೇಳಿದರೂ.

ಪಾಸ್ ದಾಟದೆ ವಾಪಸ್ ಕರೆದುಕೊಂಡು ಬಂದರೆ ದುಡ್ಡು ಕೇಳಬಹುದಾ?

ಕೇಳಬೇಡಿ ಅಂತ ನನ್ನ ಮನವಿ. ವಾಪಸ್ ಬಂದದ್ದಕ್ಕೆ ಜಗಳ ಮಾಡಿದರೆ, ಕೆಟ್ಟ ರಿವ್ಯೂ ಬರೆದರೆ, ಮುಂದಿನ ತಂಡದ ಗೈಡ್ ಅನುಮಾನ ಇದ್ದರೂ ಮುಂದಕ್ಕೆ ಕರೆದುಕೊಂಡು ಹೋಗುತ್ತಾರೆ. ಆ ಒತ್ತಡ ಹಾಕುವವರು ನಾವೇ. ಅದರ ಬದಲು ವಾಪಸ್ ಟಿಕೆಟನ್ನು ಚಾರಣ ಮುಗಿಯುವ ಮಾರನೇ ದಿನಕ್ಕೇ ಮಾಡಿಸಬೇಡಿ, ಎರಡು ದಿನ ಬಿಟ್ಟು ಮಾಡಿಸಿ. ರಜೆ ಕೇಳುವಾಗ ಆ ಎರಡು ದಿನ ಸೇರಿಸಿಯೇ ಕೇಳಿ. ವಿಮೆ ಮಾಡಿಸುವಾಗ ನೀವು ಹೋಗುವ ಎತ್ತರಕ್ಕೆ ಮತ್ತು ಹೆಲಿಕಾಪ್ಟರ್ ಖರ್ಚಿಗೆ ಅದು ಅನ್ವಯಿಸುತ್ತದಾ ಅಂತ ಪೂರ್ತಿ ಓದಿ ನೋಡಿ. ಮನೆಯವರ ಕೈಯಲ್ಲಿ ದಾರಿಯ ವಿವರ, ಗೈಡ್ ನಂಬರ್, ಕೊನೆಯ ಹಳ್ಳಿಯ ಹೆಸರು ಬರೆದುಕೊಟ್ಟು ಹೊರಡಿ.